ಅಂಗಡಿ ಕ್ಯಾಲ್ಕುಲೇಟರ್‌ನಲ್ಲಿ 600, ಗ್ರಾಫ್ ಆ್ಯಪ್‌ನಲ್ಲಿ 360: ಲೆಕ್ಕ ತಪ್ಪೋದು ಎಲ್ಲಿ?

ಹಿರೀಸಾವೆ: ಗೌರಿ ಹಬ್ಬದ ಹಿಂದಿನ ದಿನ ನಮ್ಮ ಸೋದರಮಾವನ ಅಂಗಡಿಯಲ್ಲಿ ನಡೆದ ಕಥೆಯಿಂದಲೇ ಶುರು ಮಾಡ್ತೀನಿ. ಮಾವನ ಹಳೇ ಕ್ಯಾಲ್ಕುಲೇಟರ್‌ನ 8ನೇ ಗುಂಡಿ ಒತ್ತಿದ್ರೆ ಒಳಗೇ ಕೂತುಬಿಡ್ತಿತ್ತು. ಇಂಜಿನಿಯರಿಂಗ್ ಓದೋ ಮಗಳು ರಜಕ್ಕೆ ಬಂದಿದ್ದೋಳು, ‘ಇದನ್ನ ಬಿಸಾಕಪ್ಪ’ ಅಂತ ಅವರ ಫೋನಿಗೆ ಒಂದು ಗ್ರಾಫಿಂಗ್ ಕ್ಯಾಲ್ಕುಲೇಟರ್ ಆ್ಯಪ್ ಹಾಕಿಕೊಟ್ಟು ಹೋಗಿದ್ಲು. ಕಾಲೇಜಿನಲ್ಲಿ ಅವಳು ಬಳಸೋದು ಅದನ್ನೇ.

ಹಬ್ಬದ ರಶ್ಶು. ಒಬ್ಬ ಹೆಣ್ಣುಮಗಳು ಮೂರು ಬಾಗಿನಕ್ಕೆ ಆಗುವಷ್ಟು ಸಾಮಾನು ಕೇಳಿದ್ರು. ಒಂದು ಜೊತೆ ಮೊರ 120 ರೂಪಾಯಿ, ಒಳಗಿಡೋ ಸಾಮಾನು 80 ರೂಪಾಯಿ. ಮಾವ ಇಪ್ಪತ್ತು ವರ್ಷದಿಂದ ಒತ್ತುತ್ತಿದ್ದ ಹಾಗೇ ಒತ್ತಿದ್ರು: 120 + 80 × 3. ಫೋನು 360 ಅಂತ ತೋರಿಸ್ತು. 360 ತಗೊಂಡು ಕಳಿಸಿದ್ರು. ರಾತ್ರಿ ಗಲ್ಲಾ ಎಣಿಸುವಾಗ ಏನೋ ಕಡಿಮೆ ಬರ್ತಿದೆ ಅನ್ನಿಸಿ ನನ್ನನ್ನ ಕರೆದು ಕೂರಿಸಿಕೊಂಡ್ರು. ನೆನಪಿದ್ದ ಒಂದೊಂದೇ ವ್ಯಾಪಾರ ಬಾಯಲ್ಲಿ ಹೇಳ್ತಾ ಹೋದಾಗ ಇದು ಸಿಕ್ಕಿಬಿತ್ತು. ಇನ್ನೂರರ ಮೂರು ಬಾಗಿನ ಅಂದ್ರೆ 600 ಆಗಬೇಕು. 240 ರೂಪಾಯಿ ಖೋತಾ.

‘ಏನ್ಲಾ, ಈ ಫೋನು ಸುಳ್ಳು ಹೇಳ್ತೈತಾ?’ ಅಂದ್ರು ಮಾವ.

ಗಿರಾಕಿ ಗುರುತಿನವರೇ. ಫೋನ್ ಮಾಡಿದ್ರೆ ‘ನಿಮ್ಮ ಕ್ಯಾಲ್ಕುಲೇಟರೇ ಅಷ್ಟು ತೋರಿಸ್ತಲ್ಲಣ್ಣ’ ಅಂದ್ರು. ಅವರ ಮಾತಲ್ಲೂ ತಪ್ಪಿಲ್ಲ. ಫೋನೂ ಸುಳ್ಳು ಹೇಳಿರಲಿಲ್ಲ. ನಾನು ಡಿಗ್ರಿ ಅರ್ಧಕ್ಕೆ ಬಿಟ್ಟೋನು, ಗಣಿತದ ಮೇಷ್ಟ್ರು ಅಲ್ಲ. ಆದರೆ ಆವತ್ತು ರಾತ್ರಿ ಮನೇಲಿದ್ದ ಎಲ್ಲಾ ಕ್ಯಾಲ್ಕುಲೇಟರನ್ನೂ ಮುಂದಿಟ್ಟುಕೊಂಡು ಒತ್ತಿ ನೋಡಿದೆ. ಗೊತ್ತಾಗಿದ್ದನ್ನ ಇಲ್ಲಿ ಬರೀತಿದ್ದೀನಿ.

ಎರಡು ಜಾತಿ ಮಷೀನು

ಕ್ಯಾಲ್ಕುಲೇಟರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ನಮ್ಮ ಅಂಗಡಿ ಟೇಬಲ್ ಮೇಲಿರೋ ದೊಡ್ಡ ಗುಂಡಿಯದ್ದು. ಇದು ನೀವು ಒತ್ತಿದ ಹಾಗೇ, ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡ್ತಾ ಹೋಗುತ್ತೆ. 120 + 80 ಒತ್ತಿ × ಮುಟ್ಟಿದ ತಕ್ಷಣ ಮೊದಲಿನದನ್ನ ಕೂಡಿ 200 ಮಾಡಿಕೊಳ್ಳುತ್ತೆ, ಆಮೇಲೆ 3ರಿಂದ ಗುಣಿಸುತ್ತೆ. ಉತ್ತರ 600.

ಇನ್ನೊಂದು, ಸೈಂಟಿಫಿಕ್ ಮತ್ತು ಗ್ರಾಫಿಂಗ್ ಜಾತಿ. ಈಗಿನ ಫೋನ್‌ಗಳ ಮಾಮೂಲಿ ಕ್ಯಾಲ್ಕುಲೇಟರ್ ಕೂಡ ಇದೇ ಪಂಗಡ. ಇದು ಇಡೀ ಸಾಲನ್ನ ಓದಿ, ಸ್ಕೂಲಲ್ಲಿ ಹೇಳಿಕೊಟ್ಟ ಬೋಡ್‌ಮಾಸ್ ನಿಯಮದ ಪ್ರಕಾರ ಲೆಕ್ಕ ಮಾಡುತ್ತೆ. ಮೊದಲು ಬ್ರಾಕೆಟ್ ಒಳಗಿನದು, ಆಮೇಲೆ ಭಾಗಾಕಾರ-ಗುಣಾಕಾರ, ಕೊನೆಗೆ ಕೂಡೋದು ಕಳೆಯೋದು. ಹಾಗಾಗಿ 80 × 3 = 240 ಮೊದಲು, ಅದಕ್ಕೆ 120 ಸೇರಿ 360. ಅಂದ್ರೆ ಫೋನ್ ಪ್ರಕಾರ ಮಾವ ಒಂದೇ ಜೊತೆ ಮೊರ, ಮೂರು ಸೆಟ್ ಸಾಮಾನು ಮಾರಿದ್ರು.

ನಿಮ್ಮ ಹತ್ತಿರ ಇರೋದು ಯಾವ ಜಾತಿ ಅಂತ ತಿಳಿಯೋಕೆ ಹತ್ತು ಸೆಕೆಂಡ್ ಸಾಕು. 2 + 3 × 4 = ಒತ್ತಿ. 20 ಬಂದ್ರೆ ಅಂಗಡಿ ಜಾತಿ, 14 ಬಂದ್ರೆ ಸೈಂಟಿಫಿಕ್ ಜಾತಿ. ಜೆರಾಕ್ಸ್ ಅಂಗಡಿ, ಕಂಪ್ಯೂಟರ್ ಸೆಂಟರ್ ಇಟ್ಟವರು ಒಂದು ತಮಾಷೆ ನೋಡಿ: ವಿಂಡೋಸ್ ಕಂಪ್ಯೂಟರ್‌ನಲ್ಲಿರೋ ಕ್ಯಾಲ್ಕುಲೇಟರ್ ಸ್ಟ್ಯಾಂಡರ್ಡ್ ಮೋಡ್‌ನಲ್ಲಿದ್ರೆ 20 ಅನ್ನುತ್ತೆ, ಅದನ್ನೇ ಸೈಂಟಿಫಿಕ್ ಮೋಡ್‌ಗೆ ಬದಲಾಯಿಸಿದ್ರೆ 14 ಅನ್ನುತ್ತೆ. ಒಂದೇ ಮಷೀನು, ಎರಡು ನಾಲಿಗೆ.

14 ಬರೋ ಮಷೀನಲ್ಲಿ ಬಾಗಿನದ ಲೆಕ್ಕ ಸರಿ ಬರಬೇಕು ಅಂದ್ರೆ ಬ್ರಾಕೆಟ್ ಹಾಕಬೇಕು: (120 + 80) × 3. ಇಲ್ಲಾಂದ್ರೆ 120 + 80 ಆದಮೇಲೆ ಒಂದು ಸಲ = ಒತ್ತಿ, 200 ಬಂದಮೇಲೆ × 3 ಒತ್ತಿ. ನಮ್ಮ ಮಾವನಿಗೆ ಎರಡನೇದೇ ಸಲೀಸಾಯ್ತು.

ಹಾಗಂತ ಅಂಗಡಿ ಮಷೀನೇ ಮೇಲು ಅಂತ ತಿಳ್ಕೋಬೇಡಿ. ಎರಡು ಕೆಜಿ ಸಕ್ಕರೆ 44ರಂತೆ, ಮೂರು ಕೆಜಿ ಅಕ್ಕಿ 60ರಂತೆ ಕೊಟ್ರಿ ಅಂತಿಟ್ಕೊಳ್ಳಿ. ಫೋನಲ್ಲಿ 2 × 44 + 3 × 60 ಒತ್ತಿದ್ರೆ ಸರಿಯಾಗಿ 268 ಬರುತ್ತೆ. ಅಂಗಡಿ ಮಷೀನಲ್ಲಿ ಅದೇ ಒತ್ತಿದ್ರೆ 5,460! 88ಕ್ಕೆ 3 ಸೇರಿಸಿ 91 ಮಾಡಿಕೊಂಡು ಅದನ್ನ 60ರಿಂದ ಗುಣಿಸಿರುತ್ತೆ. ಇಷ್ಟು ದೊಡ್ಡ ತಪ್ಪಾದ್ರೆ ಯಾರ ಕಣ್ಣಿಗಾದ್ರೂ ಬೀಳುತ್ತೆ. ಬಾಗಿನದ ಹಾಗೆ 360 ಬಂದ್ರೆ ಬೀಳಲ್ಲ, ತೊಂದರೆ ಇರೋದು ಅಲ್ಲೇ.

ಅಂಗಡಿ ಮಷೀನಲ್ಲಿ ಇಂಥ ಬಿಲ್ಲಿಗೆ ಅಂತಲೇ ಎಂ ಪ್ಲಸ್ ಗುಂಡಿ ಕೊಟ್ಟಿರ್ತಾರೆ. 2 × 44 ಒತ್ತಿ ಎಂ ಪ್ಲಸ್, 3 × 60 ಒತ್ತಿ ಎಂ ಪ್ಲಸ್, ಕೊನೆಗೆ ಎಂಆರ್‌ಸಿ. 268 ಬರುತ್ತೆ. ಎಂಆರ್‌ಸಿ ಇನ್ನೊಂದು ಸಲ ಒತ್ತಿದ್ರೆ ನೆನಪು ಅಳಿಸಿ ಹೋಗುತ್ತೆ. ಇದನ್ನ ಮರೆತರೆ ಹಿಂದಿನ ಗಿರಾಕಿಯ 268 ಮುಂದಿನ ಗಿರಾಕಿಯ ತಲೆ ಮೇಲೆ ಕೂರುತ್ತೆ. ಪರದೆ ಮೂಲೇಲಿ ಚಿಕ್ಕದಾಗಿ ‘ಎಂ’ ಅಕ್ಷರ ಕಾಣ್ತಿದೆ ಅಂದ್ರೆ ಒಳಗೆ ಹಳೇ ಬಾಕಿ ಇದೆ ಅಂತ ಅರ್ಥ. ಜಿಟಿ ಗುಂಡಿ ಇದ್ರೆ ಇನ್ನೂ ಸುಲಭ: ಪ್ರತಿ ಸಾಮಾನಿಗೂ = ಒತ್ತುತ್ತಾ ಹೋಗಿ, ಕೊನೆಗೆ ಜಿಟಿ ಒತ್ತಿದ್ರೆ ಒಟ್ಟು ಬರುತ್ತೆ. ಹೊಸ ಬಿಲ್ ಶುರು ಮಾಡೋ ಮುಂಚೆ ಎಸಿ ಒತ್ತಿ ಖಾಲಿ ಮಾಡ್ಕೋಬೇಕು, ಅಷ್ಟೇ.

ಗ್ರಾಫ್ ಮಷೀನಿನ ಬೇರೆ ಆಟಗಳು

ಗ್ರಾಫ್ ಬಿಡಿಸೋ ಕ್ಯಾಲ್ಕುಲೇಟರ್ ಹೊಸದೇನಲ್ಲ. ಕ್ಯಾಸಿಯೋ ಕಂಪನಿ 1985ರಲ್ಲೇ ಮೊದಲನೇದನ್ನ ಮಾರುಕಟ್ಟೆಗೆ ಬಿಟ್ಟಿತ್ತು. ನಮ್ಮ ಕಡೆ ಆ ಮಷೀನ್ ನೋಡಿದವರು ಕಮ್ಮಿ. ಈಗ ಡೆಸ್ಮಾಸ್, ಜಿಯೋಜೀಬ್ರಾ ಅನ್ನೋ ಆ್ಯಪ್‌ಗಳು ಬಿಟ್ಟಿಯಾಗೇ ಸಿಗೋದ್ರಿಂದ ಓದೋ ಮಕ್ಕಳಿರೋ ಮನೆ ಫೋನ್‌ಗಳಿಗೆ ಬಂದು ಕೂತಿವೆ. ಅವು ಮಾಡಿರೋದು ಸಮೀಕರಣಕ್ಕೆ, ರೇಖೆ ಬಿಡಿಸೋಕೆ. ಕೂಡಿ ಕಳೆಯೋಕೂ ಬರುತ್ತೆ, ಆದರೆ ಮೂರ್ನಾಲ್ಕು ಕಡೆ ಕಾಲು ಜಾರುತ್ತೆ.

ಮೊದಲನೇದು ಭಾಗಾಕಾರ. ಡೆಸ್ಮಾಸ್‌ನಲ್ಲಿ ಭಾಗಾಕಾರದ ಗುಂಡಿ ಒತ್ತಿದ್ರೆ ಒಂದು ಅಡ್ಡಗೆರೆ ಬಂದು, ಬೆರಳು ಒತ್ತಿದ್ದೆಲ್ಲಾ ಗೆರೆ ಕೆಳಗೇ ಹೋಗೋಕೆ ಶುರುವಾಗುತ್ತೆ. 7200ನ್ನ 4 ಜನಕ್ಕೆ ಹಂಚಿ, ತಲಾ 100 ಊಟದ ದುಡ್ಡು ಸೇರಿಸಬೇಕು ಅಂತ 7200 ÷ 4 + 100 ಒತ್ತಿದ್ರೆ 1,900 ಬರಬೇಕು. ಆದರೆ ಆ 100 ಕೂಡ ಗೆರೆ ಕೆಳಗೇ ಸೇರಿಕೊಂಡು, 7200ನ್ನ 104ರಿಂದ ಭಾಗಿಸಿ 69.23 ಚಿಲ್ಲರೆ ಅನ್ನುತ್ತೆ. 4 ಒತ್ತಿದ ಮೇಲೆ ಬಲಗಡೆ ಬಾಣದ ಗುಂಡಿ ಒತ್ತಿ ಗೆರೆಯಿಂದ ಆಚೆ ಬಂದು, ಆಮೇಲೆ + 100 ಅನ್ನಬೇಕು.

ಕೂಲಿ ಲೆಕ್ಕದಲ್ಲಿ ಇನ್ನೊಂದು ಇದೆ, ಇದು ಎರಡೂ ಜಾತಿ ಮಷೀನಲ್ಲಿ ಆಗುತ್ತೆ. ಕಾಯಿ ಕೀಳೋಕೆ 4 ಜನ 3 ದಿನ ಬಂದಿದ್ರು, ಒಟ್ಟು 7,200 ಕೊಟ್ರಿ. ಒಬ್ಬರಿಗೆ ಒಂದು ದಿನಕ್ಕೆ ಎಷ್ಟು ಬಿತ್ತು? 7200 ÷ 4 × 3 ಒತ್ತಿದ್ರೆ 5,400 ಬರುತ್ತೆ, ಅದು ತಪ್ಪು. 7200 ÷ 4 ÷ 3 ಅನ್ನಬೇಕು, ಇಲ್ಲಾ 7200 ÷ (4 × 3). ಆಗ 600.

ಎರಡನೇದು ಹಳೇ ಉತ್ತರದ ಕಾಟ. ಗ್ರಾಫಿಂಗ್ ಮತ್ತು ಸೈಂಟಿಫಿಕ್ ಮಷೀನಲ್ಲಿ ಹೊಸ ಲೆಕ್ಕವನ್ನ + ಅಥವಾ − ಗುಂಡಿಯಿಂದ ಶುರು ಮಾಡಿದ್ರೆ, ಅದು ಹಿಂದಿನ ಉತ್ತರವನ್ನ ತಾನೇ ತಂದು ಮುಂದೆ ಹಾಕ್ಕೊಳ್ಳುತ್ತೆ. ಹಿಂದಿನ ಉತ್ತರ 1,350 ಇತ್ತು, ನೀವು ‘ಸಾಲ 200’ ಅಂತ −200 ಒತ್ತಿದ್ರಿ ಅಂದ್ರೆ 1,150 ಅನ್ನುತ್ತೆ. ಋಣ ಸಂಖ್ಯೆಗೆ ಆ ಮಷೀನಲ್ಲಿ ಬ್ರಾಕೆಟ್ ಒಳಗೆ ಗೀಟು ಇರೋ ಬೇರೆ ಗುಂಡಿನೇ ಇರುತ್ತೆ. ಕಳೆಯೋ ಗುಂಡಿ ಬೇರೆ, ಸಾಲದ ಗುಂಡಿ ಬೇರೆ. ಅಂಗಡಿ ಜಾತಿಯಲ್ಲೂ ಒಂದು ಹುಷಾರಿ ಬೇಕು: ಹಲವು ಮಷೀನಲ್ಲಿ 250 + 30 = ಒತ್ತಿ, ಕೈ ತಪ್ಪಿ ಇನ್ನೊಂದು ಸಲ = ಒತ್ತಿದ್ರೆ 280 ಹೋಗಿ 310 ಆಗುತ್ತೆ, ಆ 30 ಮತ್ತೆ ಕೂಡಿರುತ್ತೆ.

ಮೂರನೇದು ಓದೋ ರೀತಿ. ಕಾಲೇಜು ಮಕ್ಕಳ ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೆಲವು 7 ÷ 2 ಅಂದ್ರೆ 3.5 ತೋರಿಸದೆ ಏಳರ ಕೆಳಗೆ ಎರಡು ಬರೆದು ಸುಮ್ಮನಾಗುತ್ತೆ. ಕೆಟ್ಟುಹೋಗಿಲ್ಲ, ‘ಎಸ್-ಡಿ’ ಅಂತ ಬರೆದಿರೋ ಗುಂಡಿ ಒತ್ತಿದ್ರೆ ದಶಾಂಶಕ್ಕೆ ತಿರುಗುತ್ತೆ. ಸಂಖ್ಯೆ ಮಧ್ಯೆ ‘ಇ’ ಅಂತ ಇಂಗ್ಲಿಷ್ ಅಕ್ಷರ ಬಂದ್ರೆ, ಅದರ ಮುಂದಿರೋ ಅಂಕಿಯಷ್ಟು ಸ್ಥಾನ ಚುಕ್ಕೆಯನ್ನ ಬಲಕ್ಕೆ ಸರಿಸಿ ಓದಿ ಅಂತ ಅರ್ಥ. ಅಂಗಡಿ ಮಷೀನಲ್ಲಿ ಅದೇ ‘ಇ’ ಬಂದ್ರೆ ಎರರ್ ಅಂತ, ಎಸಿ ಒತ್ತಿ ಮೊದಲಿಂದ ಶುರು ಮಾಡಿ. ಇನ್ನು ಅಲ್ಪವಿರಾಮ: ನಾವು 43,00,000 ಅಂತ ಬರೆಯೋದನ್ನ ಹಲವು ಮಷೀನು 4,300,000 ಅಂತ ಬರೆಯುತ್ತೆ. ಆತುರದಲ್ಲಿ ನೋಡಿದ್ರೆ ನಾಲ್ಕು ಲಕ್ಷವೋ ನಲವತ್ತು ಲಕ್ಷವೋ ಗಲಿಬಿಲಿ ಆಗೋದು ಸಹಜ. ಬಲಗಡೆಯಿಂದ ಎಣಿಸಿಕೊಂಡು ಬನ್ನಿ.

ದೊಡ್ಡ ದೊಡ್ಡವರೂ ಈ ವಿಷಯದಲ್ಲಿ ಕಚ್ಚಾಡಿದ್ದಾರೆ. 2019ರಲ್ಲಿ 8 ÷ 2(2 + 2) ಎಷ್ಟು ಅಂತ ಇಂಟರ್‌ನೆಟ್ ತುಂಬಾ ಜಗಳ ಆಯ್ತು, ಅರ್ಧ ಜನ 16, ಅರ್ಧ ಜನ 1. ಅಮೆರಿಕದ ಗಣಿತಜ್ಞ ಸ್ಟೀವನ್ ಸ್ಟ್ರೋಗ್ಯಾಟ್ಸ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೇಲಿ ಇದರ ಬಗ್ಗೆ ಲೇಖನವನ್ನೇ ಬರೆದ್ರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-82 ಮತ್ತು ಟಿಐ-83 ಗ್ರಾಫಿಂಗ್ ಕ್ಯಾಲ್ಕುಲೇಟರ್‌ಗಳು ಕೂಡ ಇಂಥ ಗುಣಾಕಾರದ ಚಿಹ್ನೆ ಬಿಟ್ಟ ಲೆಕ್ಕವನ್ನ ಬೇರೆ ಬೇರೆ ಥರ ಓದ್ತಿದ್ವು. ನಮಗೆ ಬೇಕಾಗಿರೋದು ಇಷ್ಟೇ: × ಚಿಹ್ನೆ ಬಿಡಬೇಡಿ, ಅನುಮಾನ ಬಂದ ಕಡೆ ಬ್ರಾಕೆಟ್ ಹಾಕಿ.

ಎಕರೆ-ಗುಂಟೆಗೆ ಚುಕ್ಕೆ ಹಾಕಿದ್ರೆ ಲಕ್ಷ ಹೋಗುತ್ತೆ

ಇಷ್ಟು ಹೊತ್ತು ಹೇಳಿದ್ದು ನೂರು ಇನ್ನೂರರ ವಿಷಯ. ಈಗ ಹೇಳೋದು ಅದಕ್ಕಿಂತ ದೊಡ್ಡದು, ಯಾವ ಜಾತಿ ಕ್ಯಾಲ್ಕುಲೇಟರ್ ಇದ್ರೂ ಕಾಪಾಡಲ್ಲ.

ಪಹಣಿಯಲ್ಲಿ 2 ಎಕರೆ 15 ಗುಂಟೆ ಜಮೀನನ್ನ 2.15 ಅಂತ ಬರೆದಿರ್ತಾರೆ. ಅಲ್ಲಿರೋ ಚುಕ್ಕೆ ಎಕರೆ ಗುಂಟೆಯನ್ನ ಬೇರೆ ಮಾಡೋಕೆ ಹಾಕಿದ್ದು, ದಶಾಂಶದ ಚುಕ್ಕೆ ಅಲ್ಲ. ಎಕರೆಗೆ 40 ಗುಂಟೆ, ನೂರಲ್ಲ. ಆದರೆ ಕ್ಯಾಲ್ಕುಲೇಟರ್‌ಗೆ ಗೊತ್ತಿರೋದು ಹತ್ತು, ನೂರು, ಸಾವಿರ ಮಾತ್ರ. ಎಕರೆಗೆ 20 ಲಕ್ಷದಂತೆ ಮಾತಾಯ್ತು ಅಂತಿಟ್ಕೊಳ್ಳಿ. 2.15 × 20 ಒತ್ತಿದ್ರೆ 43 ಲಕ್ಷ. ಸರಿಯಾದ ಲೆಕ್ಕ ಹೀಗೆ: 15 ÷ 40 = 0.375, ಅದಕ್ಕೆ 2 ಸೇರಿಸಿದ್ರೆ 2.375 ಎಕರೆ. 2.375 × 20 ಅಂದ್ರೆ 47 ಲಕ್ಷದ 50 ಸಾವಿರ. ನಾಲ್ಕೂವರೆ ಲಕ್ಷ ವ್ಯತ್ಯಾಸ. ಮಾರೋನು ರೈತ, ಲೆಕ್ಕ ಒತ್ತಿ ತೋರಿಸೋನು ಮಧ್ಯವರ್ತಿ ಆದ್ರೆ ಈ ನಾಲ್ಕೂವರೆ ಲಕ್ಷ ಯಾರ ಕಡೆ ಹೋಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಹೈವೇ ಆಸುಪಾಸಿನ ಜಮೀನಾದ್ರೆ ರೇಟೇ ಬೇರೆ, ವ್ಯತ್ಯಾಸವೂ ಅಷ್ಟೇ ಜಾಸ್ತಿ.

ಅಣ್ತಮ್ಮಂದಿರ ಭಾಗದಲ್ಲೂ ಇದೇ. 1 ಎಕರೆ 30 ಗುಂಟೆ ಒಂದು ಕಡೆ, 2 ಎಕರೆ 25 ಗುಂಟೆ ಇನ್ನೊಂದು ಕಡೆ. 1.30 + 2.25 ಒತ್ತಿದ್ರೆ 3.55 ಬರುತ್ತೆ. 3 ಎಕರೆ 55 ಗುಂಟೆ ಅನ್ನೋದೇ ಇಲ್ಲ, 40 ಗುಂಟೆ ಸೇರಿ ಒಂದು ಎಕರೆ ಆಗಿ ಒಟ್ಟು 4 ಎಕರೆ 15 ಗುಂಟೆ ಅದು. ನಿಮಗೆ ಇಷ್ಟೊಂದು ದಶಾಂಶ ಬೇಡ ಅನ್ನಿಸಿದ್ರೆ ಎಲ್ಲಾನೂ ಗುಂಟೆ ಮಾಡಿಕೊಳ್ಳಿ: ಎಕರೆ × 40 + ಗುಂಟೆ. 2 ಎಕರೆ 15 ಗುಂಟೆ ಅಂದ್ರೆ 95 ಗುಂಟೆ. ಎಕರೆಗೆ 20 ಲಕ್ಷ ಅಂದ್ರೆ ಗುಂಟೆಗೆ 50 ಸಾವಿರ. 95 × 50,000, ಅದೇ 47,50,000. ಎರಡೂ ದಾರಿಯಲ್ಲಿ ಒಂದೇ ಉತ್ತರ ಬಂದ್ರೆ ಧೈರ್ಯವಾಗಿ ಮಾತಾಡಿ.

ತೂಕದಲ್ಲಿ ಇದರ ತಮ್ಮ ಇದ್ದಾನೆ. 3 ಕ್ವಿಂಟಾಲ್ 8 ಕೆಜಿ ಉಂಡೆ ಕೊಬ್ಬರಿಯನ್ನ 3.8 ಅಂತ ಒತ್ತೋರು ಇದ್ದಾರೆ. ಕ್ವಿಂಟಾಲಿಗೆ ನೂರು ಕೆಜಿ ಆದ್ದರಿಂದ 3.08 ಅಂತ ಒತ್ತಬೇಕು. 3.8 ಅಂದ್ರೆ 3 ಕ್ವಿಂಟಾಲ್ 80 ಕೆಜಿ ಆಗಿಹೋಯ್ತು. ಕೊಬ್ಬರಿ ರೇಟು ದಿನಾ ಬದಲಾಗುತ್ತೆ, ಲೆಕ್ಕಕ್ಕೆ ಒಂದು ಸಂಖ್ಯೆ ಬೇಕಲ್ಲ, 2025ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ್ದ ಬೆಂಬಲ ಬೆಲೆ 12,100 ತಗೊಳ್ಳೋಣ. 3.08 × 12,100 = 37,268. ತಪ್ಪಾಗಿ 3.8 ಒತ್ತಿದ್ರೆ 45,980. ಕೊಳ್ಳೋನಿಗೆ 8,712 ಪೆಟ್ಟು. ಗ್ರಾಮಿನಲ್ಲೂ ಅಷ್ಟೇ, 8 ಕೆಜಿ 50 ಗ್ರಾಂ ಅಂದ್ರೆ 8.050, ಎಂಟೂವರೆ ಅಲ್ಲ.

ನಮ್ಮ ಅಜ್ಜಂದಿರಿಗೆ ಈ ತಲೆನೋವು ಬೇರೆ ಥರ ಇತ್ತು. ರೂಪಾಯಿಗೆ 16 ಆಣೆ ಇದ್ದ ಕಾಲ, ನಯಾಪೈಸೆ ಬಂದಿದ್ದೇ 1957ರಲ್ಲಿ. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡ್ತಿದ್ರು. 10 ಗುಂಟೆ ಅಂದ ತಕ್ಷಣ ‘ಕಾಲು ಎಕರೆ’ ಅಂತ ಬಾಯಿಗೆ ಬರ್ತಿದ್ದದ್ದು ಅದರಿಂದ. 2.10 ಅಂತ ಪಹಣಿಯಲ್ಲಿ ಕಂಡ್ರೆ ಅವರು ‘ಎರಡೂಕಾಲು’ ಅಂತ ಓದ್ತಿದ್ರು, ನಾವು ‘ಎರಡು ಪಾಯಿಂಟ್ ಒಂದು’ ಅಂತ ಓದ್ತೀವಿ.

ಶೇಕಡಾ ಗುಂಡಿ ನಂಬೋ ಮುಂಚೆ

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ, ಜಿಎಸ್‌ಟಿ ಅಂದ್ರೆ ಅಂಗಡಿಯವರು ಎದ್ದು ಕೂರ್ತಾರೆ. ಹಾಗಾಗಿ ಶೇಕಡಾ ಗುಂಡಿ ಬಗ್ಗೆ ನಾಲ್ಕು ಮಾತು.

ನಿಮ್ಮ ಮಷೀನಲ್ಲಿ 100 + 10 % ಒತ್ತಿ ನೋಡಿ. 110 ಬಂದ್ರೆ ನೀವು ಅಂದುಕೊಂಡ ಹಾಗೇ ಕೂಡುತ್ತೆ. ಕೆಲವು ಟೇಬಲ್ ಕ್ಯಾಲ್ಕುಲೇಟರ್‌ನಲ್ಲಿ 111.11 ಬರುತ್ತೆ. ಅದು ಮಾರೋ ಬೆಲೆ ಮೇಲೆ ನೂರಕ್ಕೆ ಹತ್ತು ಲಾಭ ಉಳೀಬೇಕು ಅಂದ್ರೆ ಎಷ್ಟಕ್ಕೆ ಮಾರಬೇಕು ಅನ್ನೋ ಲೆಕ್ಕ, ವ್ಯಾಪಾರಕ್ಕೆ ಅಂತಲೇ ಮಾಡಿಟ್ಟಿರೋದು. ತೆರಿಗೆ ಸೇರಿಸೋಕೆ ಇದನ್ನ ಬಳಸಿದ್ರೆ ಗಿರಾಕಿಯಿಂದ ಜಾಸ್ತಿ ವಸೂಲಿ ಮಾಡಿದ ಹಾಗಾಗುತ್ತೆ. ಇನ್ನು ಕೆಲವು ಸೈಂಟಿಫಿಕ್, ಗ್ರಾಫಿಂಗ್ ಮಷೀನಲ್ಲಿ 100.1 ಬರುತ್ತೆ, ಅವಕ್ಕೆ 10 % ಅಂದ್ರೆ ಬರೀ 0.1. ಮೂರು ಮಷೀನು, ಮೂರು ಉತ್ತರ. ಯಾವ ಮಷೀನಲ್ಲೂ ತಪ್ಪದ ದಾರಿ ಅಂದ್ರೆ ಗುಣಾಕಾರ: ಶೇ 18 ಸೇರಿಸೋಕೆ × 1.18, ಶೇ 5 ಸೇರಿಸೋಕೆ × 1.05. ಶೇ 10 ಡಿಸ್ಕೌಂಟ್‌ಗೆ × 0.9.

ತೆರಿಗೆ ಸೇರಿರೋ ಬೆಲೆಯಿಂದ ತೆರಿಗೆ ಬೇರೆ ಮಾಡುವಾಗ ಇನ್ನೂ ಜಾಸ್ತಿ ಜನ ಎಡವುತ್ತಾರೆ. 1,180 ರೂಪಾಯಿ ಬೆಲೆಯಲ್ಲಿ ಶೇ 18 ಜಿಎಸ್‌ಟಿ ಸೇರಿದೆ. 1,180ಕ್ಕೆ ಶೇ 18 ತೆಗೆದ್ರೆ 212.40 ಬರುತ್ತೆ. ಅದು ಅಲ್ಲ. 1180 ÷ 1.18 = 1,000. ತೆರಿಗೆ 180. ತಪ್ಪು ಲೆಕ್ಕದಲ್ಲಿ ಒಂದು ಬಿಲ್ಲಿಗೆ 32 ರೂಪಾಯಿ 40 ಪೈಸೆ ಕೈ ಬಿಟ್ಟು ಹೋಗುತ್ತೆ.

ಜಿಎಸ್‌ಟಿ ಗುಂಡಿಗಳಿರೋ ಕ್ಯಾಲ್ಕುಲೇಟರ್ ಇಟ್ಟವರು ಒಂದು ಸಲ ಆ ಗುಂಡಿಗಳನ್ನ ಪರೀಕ್ಷೆ ಮಾಡಲೇಬೇಕು. 2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು ಶೇ 28ರ ದರ ತೆಗೆದು, ಬಹುತೇಕ ಸಾಮಾನನ್ನ 5 ಮತ್ತು 18ಕ್ಕೆ ತಂದಿದ್ದಾರೆ. ಮಷೀನಿಗೆ ಅದು ಗೊತ್ತಿಲ್ಲ, ಹಳೇ ದರ ಹಾಗೇ ಕೂತಿರಬಹುದು. 100 ಒತ್ತಿ ಒಂದೊಂದೇ ಜಿಎಸ್‌ಟಿ ಗುಂಡಿ ಮುಟ್ಟಿ ನೋಡಿ, 112 ಅಂತ ಬಂದ್ರೆ ಆ ಗುಂಡಿ ಹಳೇದು.

ಅದೇ ಮಷೀನಿನ ಮೇಲ್ಭಾಗದಲ್ಲಿ ಜಾರೋ ಸ್ವಿಚ್ ಎರಡು ಇರುತ್ತೆ. ಅದನ್ನ ಮಕ್ಕಳು ಆಟಕ್ಕೆ ಎಳೆದಿರ್ತವೆ. ‘ಎ’ ಅಕ್ಷರದ ಕಡೆ ಹೋಗಿದ್ರೆ 500 + 250 ಒತ್ತಿದಾಗ 7.50 ಬರುತ್ತೆ, ಕೊನೇ ಎರಡು ಅಂಕಿಯನ್ನ ಪೈಸೆ ಅಂತ ತಿಳಿಯುತ್ತೆ. ‘ಎಫ್’ ಕಡೆ ತಳ್ಳಿ, ಸರಿಹೋಗುತ್ತೆ. ಇನ್ನೊಂದು ಸ್ವಿಚ್ ಮೇಲಿನ ಬಾಣದ ಕಡೆ ಇದ್ರೆ ಪೈಸೆಯನ್ನ ಯಾವಾಗಲೂ ಮೇಲಕ್ಕೇ ಏರಿಸುತ್ತೆ; ಮಾಮೂಲಿ ಲೆಕ್ಕಕ್ಕೆ ‘5/4’ ಅಂತ ಬರೆದಿರೋ ಕಡೆ ಇರಲಿ. ನಮ್ಮ ಮಾವ ಈ ಸ್ವಿಚ್ ಕಾರಣಕ್ಕೆ ಒಂದು ಒಳ್ಳೇ ಕ್ಯಾಲ್ಕುಲೇಟರ್‌ನ ‘ಕೆಟ್ಟೋಯ್ತು’ ಅಂತ ಗುಜರಿಗೆ ಹಾಕಿದ್ರಂತೆ, ಈಗ ನೆನೆಸಿಕೊಂಡು ಬೈಕೋತಾರೆ.

ಅವರು ಕೊನೆಗೆ ಹೊಸ ಅಂಗಡಿ ಕ್ಯಾಲ್ಕುಲೇಟರನ್ನೇ ತಂದ್ರು. ಫೋನಿನ ಗ್ರಾಫ್ ಆ್ಯಪ್ ಹಾಗೇ ಇದೆ, ಮಗಳು ಬಂದಾಗ ಬೇಕಾಗುತ್ತೆ. ನಿಮ್ಮ ಮಷೀನಲ್ಲಿ 2 + 3 × 4 ಮತ್ತು 100 + 10 % ಎಷ್ಟೆಷ್ಟು ಬಂತು, ಮಾಡೆಲ್ ಹೆಸರಿನ ಸಮೇತ ನಮಗೆ ಕಳಿಸಿ. ಮೇಲೆ ಹೇಳಿದ್ದು ಬಿಟ್ಟು ಬೇರೆ ಉತ್ತರ ಬಂದಿದ್ರೆ ಅದನ್ನೂ ಒತ್ತಿ ನೋಡಿ ಇನ್ನೊಂದು ಸಲ ಬರೀತೀನಿ.